ಜಾರ್ಜ್ ಪೆರೆಸ್ ಸ್ಯಾಂಡರ್ಸನ್: ಕೋವಿಯಿಂದ ಖೆಡ್ಡಾದವರೆಗೆ



ದೀಪಾವಳಿಯ ರಾತ್ರಿ ಹಚ್ಚಿದ ಪಟಾಕಿ ಸಿಡಿಯದೆ ಟುಸ್ಸೆಂದರೆ ನಾವೆಲ್ಲರೂ ನಗುತ್ತೇವೆ. ಅದನ್ನು ಬಿಟ್ಟು ಇನ್ನೊಂದನ್ನು ಹಚ್ಚುತ್ತೇವೆ. ಆದರೆ ದಟ್ಟ ಕಾಡಿನಲ್ಲಿ ಎದುರಿಗೆ ದೊಡ್ಡ ಮೃಗವಿರುವಾಗ ಕೈಯಲ್ಲಿರುವ ಕೋವಿ ಹಾಗೆ ಟುಸ್ಸೆಂದರೆ ಗತಿಯೇನು? ಅಂತಹ ಒಂದು ಗಳಿಗೆಯನ್ನು ಕಂಡು, ಬದುಕಿ ಉಳಿದು, ಮುಂದೆ ಮೈಸೂರು ಸೀಮೆಯಲ್ಲಿ ಆನೆಗಳನ್ನು ಜೀವಂತವಾಗಿ ಹಿಡಿಯುವ ವಿದ್ಯೆಯಲ್ಲಿ ಹೆಸರಾದವನೇ ಜಾರ್ಜ್ ಪೆರೆಸ್ ಸ್ಯಾಂಡರ್ಸನ್.

ಸ್ಯಾಂಡರ್ಸನ್ 1848ರಲ್ಲಿ ಹುಟ್ಟಿದನು. ಇವನ ತಂದೆ ಡೇನಿಯಲ್ ಸ್ಯಾಂಡರ್ಸನ್ ಕ್ರೈಸ್ತ ಪಾದ್ರಿ. ಒಳ್ಳೆಯ ಕನ್ನಡ ಪಂಡಿತ. ರೀವ್ ಎಂಬುವರ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ, ವಿಸ್ತರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಅವರೇ. ಮಗನು ಇಂಗ್ಲೆಂಡಿನಲ್ಲಿ ಓದಿ, 1864ರಲ್ಲಿ ಭಾರತಕ್ಕೆ ಮರಳಿದನು. ಆಗ ಅವನಿಗೆ ಹದಿನಾರರ ಪ್ರಾಯ. ಕಾಫಿ ತೋಟ ಮಾಡುವ ಆಸೆಯಿತ್ತು, ಅದು ಕೈಗೂಡಲಿಲ್ಲ. ಆದರೆ ಅವನು ಸುಮ್ಮನೆ ಕೂಡಲಿಲ್ಲ. ಕುಳಿತು ಕನ್ನಡ ಕಲಿತನು. ಆ ಕನ್ನಡವೇ ಅವನಿಗೆ ಮೈಸೂರಿನಲ್ಲಿ ಕೆಲಸ ದೊರಕಲು ನೆರವಾಯಿತು. ನಮ್ಮ ಭಾಷೆಯನ್ನು ಕಡೆಗಣಿಸುವವರು ಈ ಮಾತನ್ನು ಗಮನಿಸಬೇಕು.

ಅವನಿಗೆ ಸಿಕ್ಕಿದ್ದು ನಾಲೆಗಳ ಉಸ್ತುವಾರಿ. ಭೈರವಾನಿತಿಪ್ಪದಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟನ್ನೂ ಅದರ ನಾಲೆಗಳನ್ನೂ ಕಂಡಿರುವ ನಮಗೆ ಆ ಕೆಲಸವೇನೆಂದು ವಿವರಿಸಬೇಕಾಗಿಲ್ಲ. ಏರಿ ಒಡೆಯದಂತೆ, ಹೂಳು ತುಂಬದಂತೆ, ಕೊನೆಯ ಹೊಲಕ್ಕೂ ನೀರು ಮುಟ್ಟುವಂತೆ ನೋಡಿಕೊಳ್ಳಬೇಕು. ಸ್ಯಾಂಡರ್ಸನ್ ಹುಣಸೂರು ಭಾಗದ ನಾಲೆಗಳ ಗುಂಟ ಕುದುರೆಯ ಮೇಲೆ ತಿರುಗಿದನು. ಮುಂದೆ ಚಾಮರಾಜನಗರದ ಸಮೀಪದಲ್ಲಿ ಬಂಗಲೆ ಕಟ್ಟಿಕೊಂಡನು. ಕಾಡಂಚಿನ ರೈತರ ಕಷ್ಟವನ್ನು ಕಣ್ಣಾರೆ ಕಂಡನು. ಬೆಳೆದ ರಾಗಿಯನ್ನು ಆನೆಯ ಹಿಂಡು ಒಂದೇ ರಾತ್ರಿಯಲ್ಲಿ ತುಳಿದು ಹೋಗುತ್ತಿತ್ತು. ಕೊಟ್ಟಿಗೆಯ ದನವನ್ನು ಹುಲಿ ಎಳೆದೊಯ್ಯುತ್ತಿತ್ತು. ಅವರು ಹೇಳಿಕೊಂಡದ್ದು ಅವನಿಗೆ ದುಭಾಷಿಯಿಲ್ಲದೆ ಅರ್ಥವಾಗುತ್ತಿತ್ತು. ಹೀಗೆ ಕರ್ತವ್ಯದ ಜೊತೆಗೆ ಬೇಟೆಯೂ ಅವನ ಬಾಳಿನಲ್ಲಿ ಸೇರಿಕೊಂಡಿತು. ಬೇಟೆಯ ಹುಚ್ಚು ಅವನಿಗೆ ಮೊದಲೇ ಇತ್ತೆಂಬುದನ್ನೂ ಮುಚ್ಚಿಡಬಾರದು.

ಆ ಕಾಲದ ಕೋವಿಗಳ ರೀತಿಯನ್ನು ಸ್ವಲ್ಪ ತಿಳಿಯೋಣ. ಹೊಗೆಯಿಲ್ಲದ ಮದ್ದು ಇನ್ನೂ ಬಂದಿರಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಲು ಈ ಮೂರನ್ನು ಸೇರಿಸಿದ ಕರಿಮದ್ದೇ ಎಲ್ಲಕ್ಕೂ ಆಧಾರ. ಒಂದು ಈಡು ಹಾರಿಸಿದರೆ ಬಿಳಿಯ ಹೊಗೆ ಮೋಡದಂತೆ ಕವಿದು ಎದುರಿಗಿರುವ ಪ್ರಾಣಿಯೇ ಕಾಣದಾಗುತ್ತಿತ್ತು. ನಳಿಗೆಯೊಳಗೆ ಮಸಿ ಕಟ್ಟುತ್ತಿತ್ತು. ಅದನ್ನು ನೀರು ಹಾಕಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತಿತ್ತು. ಮದ್ದನ್ನೂ ಗುಂಡನ್ನೂ ಒಂದೇ ಕೊಳವೆಯಲ್ಲಿ ತುಂಬಿ ಮಾಡುವ ತೋಟಾಗಳು ಆಗ ತಾನೇ ಬಳಕೆಗೆ ಬಂದಿದ್ದವು. ತೋಟಾದ ಬುಡದಲ್ಲಿ ಕೇಪು, ಅದರ ಮೇಲೆ ಅಳೆದು ಸುರಿದ ಮದ್ದು, ಮದ್ದಿನ ಮೇಲೆ ದಪ್ಪ ಉಣ್ಣೆಯ ಬಿಲ್ಲೆ, ಎಲ್ಲಕ್ಕೂ ಮೇಲೆ ಸೀಸದ ಗುಂಡು. ಸೀಸ ಮೆದುವಾದ ಲೋಹ. ಗಟ್ಟಿ ಮೂಳೆಗೆ ತಾಗಿದರೆ ಚಪ್ಪಟೆಯಾಗಿಬಿಡುತ್ತದೆ. ಆದ್ದರಿಂದ ದೊಡ್ಡ ಪ್ರಾಣಿಗಳ ಬೇಟೆಗೆ ತವರ ಮುಂತಾದುವನ್ನು ಬೆರೆಸಿ ಗುಂಡನ್ನು ಗಟ್ಟಿ ಮಾಡುತ್ತಿದ್ದರು.

ಇಲ್ಲಿ ಕಾಗದದ ಒಂದು ಉಪಯೋಗವನ್ನು ಹೇಳಬೇಕು. ಆ ಕಾಲದ ಅನೇಕ ಕೋವಿಗಳ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರು ತೆಗೆದಿರುತ್ತಿತ್ತು. ಉದ್ದನೆಯ ಸೀಸದ ಗುಂಡು ಅದರಲ್ಲಿ ವೇಗವಾಗಿ ಸಾಗಿದಾಗ ಸೀಸ ಸವೆದು ಗೀರುಗಳಿಗೆ ಮೆತ್ತಿಕೊಳ್ಳುತ್ತಿತ್ತು. ಆಮೇಲಿನ ಗುಂಡುಗಳು ಗುರಿ ತಪ್ಪುತ್ತಿದ್ದವು. ಇದಕ್ಕೆ ಕಂಡುಕೊಂಡ ಉಪಾಯವೇ ಕಾಗದದ ಹೊದಿಕೆ. ತೆಳ್ಳಗಿದ್ದರೂ ಗಟ್ಟಿಯಾದ ಕಾಗದವನ್ನು ಓರೆಯಾಗಿ ಕತ್ತರಿಸಿ, ಒದ್ದೆ ಮಾಡಿ, ಗುಂಡಿನ ಸುತ್ತ ಎರಡು ಸುತ್ತು ಸುತ್ತಿ, ಅಂಚನ್ನು ಬುಡಕ್ಕೆ ಮಡಿಸುತ್ತಿದ್ದರು. ಕಾಗದ ಒಣಗಿದಾಗ ಬಿಗಿದುಕೊಂಡು ಗುಂಡಿಗೆ ಚರ್ಮದಂತೆ ಅಂಟಿಕೊಳ್ಳುತ್ತಿತ್ತು. ಕಾಗದದ ತುದಿಗಳು ಒಂದರ ಮೇಲೊಂದು ಏರಬಾರದು, ನೆರಿಗೆ ಬೀಳಬಾರದು. ಈಡು ಹಾರಿದಾಗ ನಳಿಗೆಯ ಬಾಯಿ ದಾಟುತ್ತಲೇ ಕಾಗದ ಚೂರುಚೂರಾಗಿ ಉದುರಿ, ಗುಂಡು ಮಾತ್ರ ಮುಂದೆ ಸಾಗುತ್ತಿತ್ತು. 1871ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡಿಗೂ ಇದೇ ಕಾಗದದ ಅಂಗಿ. ಒಂದು ಚೂರು ಕಾಗದವನ್ನು ಸುತ್ತುವ ಕೈ ಅಡ್ಡಾದಿಡ್ಡಿಯಾದರೆ ದುಬಾರಿ ಬಂದೂಕೂ ವ್ಯರ್ಥವೇ.

ಸ್ಯಾಂಡರ್ಸನ್ ಮೊದಲು ಹನ್ನೆರಡು ಬೋರಿನ ಕೋವಿಯಿಂದ ಬೇಟೆಯಾಡಿದನು. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಉಂಡೆ ಮಾಡಿದರೆ ಅದರಲ್ಲಿ ಒಂದು ಹಿಡಿಸುವಷ್ಟು ಅಗಲದ ನಳಿಗೆ ಎಂದರ್ಥ. ಅದಕ್ಕೆ ಆರು ಡ್ರಾಮು, ಅಂದರೆ ಸುಮಾರು 10.6 ಗ್ರಾಂ ಮದ್ದು. ಆನೆ, ಕಾಟಿಗಳ ಎದುರು ಅದು ಸಾಲದೆಂದು ಬೇಗನೆ ಅರಿತು, ಲಂಡನ್ನಿನ ಲ್ಯಾಂಗ್ ಕಂಪನಿಯಿಂದ ನಾಲ್ಕು ಬೋರಿನ ಒಂಟಿನಳಿಗೆ ಕೋವಿಯನ್ನು ಮಾಡಿಸಿ ತರಿಸಿದನು. ಇದರ ಲೆಕ್ಕದಲ್ಲಿ ಒಂದು ಗುಂಡು ಎಂದರೆ ಕಾಲು ಪೌಂಡು ಸೀಸ, ಸುಮಾರು 113 ಗ್ರಾಂ! ಮದ್ದು ಹತ್ತು ಡ್ರಾಮು.

ಇಷ್ಟೆಲ್ಲ ಇದ್ದೂ ಒಂದು ದಿನ ತೋಟಾ ಕೈಕೊಟ್ಟಿತು. ಕುದುರೆ ಎಳೆದನು, ಈಡು ಹಾರಲಿಲ್ಲ. ಒಂಟಿನಳಿಗೆಯಾದ್ದರಿಂದ ಎರಡನೆಯ ಅವಕಾಶವೂ ಇರಲಿಲ್ಲ. ಕೂದಲೆಳೆಯಲ್ಲಿ ಜೀವ ಉಳಿಯಿತು. ಅವನು ಅದೃಷ್ಟವನ್ನು ಹಳಿಯುತ್ತ ಕೂಡಲಿಲ್ಲ. ಆ ಕೋವಿಯನ್ನೇ ಬಿಟ್ಟು, ಗ್ರೀನರ್ ಎಂಬ ಹೆಸರಾಂತ ಕೋವಿಗಾರನಿಂದ ನಾಲ್ಕು ಬೋರಿನ ಜೋಡಿನಳಿಗೆಯನ್ನು ಮಾಡಿಸಿಕೊಂಡನು. ಒಂದು ತೋಟಾ ಸೋತರೆ ಇನ್ನೊಂದು ಸಿದ್ಧ. ಅದರ ತೂಕ ಹತ್ತೊಂಬತ್ತೂವರೆ ಪೌಂಡು, ಅಂದರೆ ಸುಮಾರು 9 ಕಿಲೋ. ಅದಕ್ಕೆ ಹನ್ನೆರಡು ಡ್ರಾಮು ಮದ್ದು ಹಾಕುತ್ತಿದ್ದನು. ಮುಂದೆ ಕಾಡಿನಲ್ಲಿ ಇದೇ ಅವನ ಸಂಗಾತಿಯಾಯಿತು.

ಆದರೆ ಕೋವಿಯೊಂದೇ ಇವನ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಬೆಳೆಗೆ ಬಿದ್ದ ಆನೆಯನ್ನು ಕೊಲ್ಲುವುದೇ ಉಪಾಯವೆಂದು ಬಹುಮಂದಿ ತಿಳಿದಿದ್ದ ಕಾಲವದು. 1873ರಲ್ಲಿ, ನಮ್ಮ ಸೀಮೆಯೂ ಸೇರಿದ್ದ ಮದರಾಸು ಪ್ರಾಂತದಲ್ಲಿ ಕಾಡಾನೆಗಳ ರಕ್ಷಣೆಗೆ ಕಾಯಿದೆ ಬಂದಿತು. ಅದೇ ಸುಮಾರಿಗೆ ಸ್ಯಾಂಡರ್ಸನ್ ಆನೆಗಳನ್ನು ಜೀವಂತವಾಗಿ ಹಿಡಿಯುವ ಯೋಜನೆಯನ್ನು ಮೈಸೂರು ಸರ್ಕಾರದ ಮುಂದಿಟ್ಟನು. ಹಲವರು ನಂಬಲಿಲ್ಲ. ಒಂದು ಕಾಲಕ್ಕೆ ನಮ್ಮ ಮಡಕಶಿರಾ, ರಾಯದುರ್ಗಗಳವರೆಗೆ ಕೈಚಾಚಿದ್ದ ಹೈದರಾಲಿಯೇ ಕಾಕನಕೋಟೆಯಲ್ಲಿ ಆನೆ ಹಿಡಿಯಲು ಹೋಗಿ ಸೋತಿದ್ದನೆಂದು ಜನ ಹೇಳುತ್ತಿದ್ದರು.

ಸ್ಯಾಂಡರ್ಸನ್ನನಿಗೂ ಮೊದಲ ಯತ್ನದಲ್ಲೇ ಜಯ ಸಿಗಲಿಲ್ಲ. ಆದರೆ ಅವನು ಕಾಡಿನ ಜನರಿಂದ ಕಲಿಯಲು ನಾಚಲಿಲ್ಲ. ಕುರುಬರು, ಸೋಲಿಗರು ಹೆಜ್ಜೆಯ ಗುರುತಿನಿಂದ ಹಿಂಡಿನ ದಾರಿಯನ್ನು ಹೇಳಬಲ್ಲವರಾಗಿದ್ದರು. ಅವರ ಮಾತನ್ನು ಅವರ ನುಡಿಯಲ್ಲೇ ಕೇಳಿದನು. ಬಿಳಿಗಿರಿರಂಗನ ಬೆಟ್ಟದ ಬುಡದ ಕರಡಿಹಳ್ಳಿಯ ಬಳಿ ಆನೆಗಳು ದಾಟುವ ದಾರಿಯನ್ನು ನೋಡಿ ಕಂದಕ ತೋಡಿಸಿದನು, ಬೇಲಿ ಕಟ್ಟಿಸಿದನು, ತಿಂಗಳುಗಟ್ಟಲೆ ಕಾದನು. 1874ರ ಜೂನ್ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಒಳಗೆ ಸೇರಿತು. ಹೈದರನಿಗೆ ಆಗದ ಕೆಲಸ ಕೈಗೂಡಿತು.

ಮರುವರ್ಷ ಬಂಗಾಳ ಸರ್ಕಾರ ಅವನ ಸೇವೆಯನ್ನು ಬೇಡಿತು. ಢಾಕಾ, ಚಿತ್ತಗಾಂಗ್ ಕಡೆಯ ಕಾಡುಗಳಲ್ಲೂ ಆನೆ ಹಿಡಿಸಿದನು. 1878ರಲ್ಲಿ ತನ್ನ ಹದಿಮೂರು ವರ್ಷಗಳ ಅನುಭವವನ್ನು ಪುಸ್ತಕವಾಗಿ ಬರೆದನು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ನಡೆಸಿ ತೋರಿಸಿದವನೂ ಇವನೇ. ಕಾಡಿನ ಅಲೆದಾಟ ದೇಹವನ್ನು ಹಣ್ಣು ಮಾಡಿತ್ತು. 1892ರಲ್ಲಿ, ಐವತ್ತು ತುಂಬುವ ಮೊದಲೇ, ಮದರಾಸಿನಲ್ಲಿ ತೀರಿಕೊಂಡನು. ಕಿಪ್ಲಿಂಗನ ಆನೆಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಇವನೇ ಮಾದರಿಯೆಂದು ಹಲವರ ಅಭಿಪ್ರಾಯ.

ಇಂದು ನಾವು ಈ ಬಾಳನ್ನು ಹೇಗೆ ಅಳೆಯಬೇಕು? ಅವನು ಬಹಳ ಪ್ರಾಣಿಗಳನ್ನು ಕೊಂದನೆಂಬುದು ನಿಜ. ಖೆಡ್ಡಾದಲ್ಲಿ ಸಿಕ್ಕ ಆನೆಗಳ ಸಂಕಟವೂ ಸಣ್ಣದಲ್ಲ. ಪೆಟ್ಟಾಗಿ, ಕೊರಗಿ ಸತ್ತವೂ ಉಂಟು. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಆ ಬೇಟೆಯೂ ಆ ಕೋವಿಯೂ ನಮಗೆ ಆದರ್ಶವಲ್ಲ.

ಆದರೂ ಅವನಿಂದ ಕಲಿಯಬೇಕಾದ ಪಾಠವೊಂದಿದೆ. ಕಾಡಿನಲ್ಲಿ ಕುದುರೆ ಎಳೆಯುವ ಗಳಿಗೆಗೆ ಏನಾಗುತ್ತದೆಂಬುದು ಹಿಂದಿನ ರಾತ್ರಿ ದೀಪದ ಮುಂದೆ ಮದ್ದು ಅಳೆದ ಕೈಯಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಕರಡಿಹಳ್ಳಿಯ ಗೆಲುವು ಕೂಡ ಕಂದಕ ತೋಡಿದ ತಿಂಗಳುಗಳಲ್ಲೇ, ಅದಕ್ಕೂ ಹಿಂದೆ ಕನ್ನಡ ಕಲಿತ ದಿನಗಳಲ್ಲೇ ಮೊಳೆತಿತ್ತು. ಮಕ್ಕಳೇ, ಮಾರ್ಚಿಯಲ್ಲಿ ಪರೀಕ್ಷೆಯ ಕೊಠಡಿಯಲ್ಲಿ ಕುಳಿತಾಗ ಈ ಮಾತು ನೆನಪಿಗೆ ಬರುವುದಕ್ಕಿಂತ, ಜೂನಿನಲ್ಲಿ ಹೊಸ ಪುಸ್ತಕಕ್ಕೆ ರಟ್ಟು ಹಾಕುವಾಗಲೇ ನೆನಪಾದರೆ ಒಳ್ಳೆಯದು. ಪೋಷಕರೂ ಇದನ್ನು ಮನೆಯಲ್ಲಿ ಒಮ್ಮೆ ಓದಿಸಿ ಕೇಳಲಿ.