ಕಾಡ್ ಸಾಹೇಬರು ಮತ್ತು ನನ್ನ ಎರಡೆರಡು ಗೋಕಾಕ

ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಒಂದು ಕಡೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಸಿಕ್ಕಿತು. ತಾಲ್ಲೂಕಿನ ಹೆಸರನ್ನು ಪ್ರತಿ ಸಾಲಿನಲ್ಲೂ ಕೈಯಾರೆ ಟೈಪ್ ಮಾಡಿದೆ. ಒಮ್ಮೆ ಗೋಕಾಕ, ಒಮ್ಮೆ ಗೋಕಾಕ್, ಹುಕ್ಕೇರಿ, ಹುಕ್ಕೆರಿ, ಮೂಡಲಗಿ, ಮುಡಲಗಿ. ತಾಲ್ಲೂಕುವಾರು ಪಟ್ಟಿ ತೆಗೆದಾಗ ಮೂಡಲಗಿಯ ಒಬ್ಬ ಹುಡುಗಿಯ ಹೆಸರೇ ಬರಲಿಲ್ಲ. ಲುಕಪ್ ಟೇಬಲ್ ಮಾಡದೇ ಹೋದ ತಪ್ಪು, ನನ್ನದೇ. ಆ ರಾತ್ರಿ ಈ ಟೇಬಲ್‌ಗಳ ಮೂಲ ಹುಡುಕುತ್ತ ಹೋದಾಗ ಎಡ್ಗರ್ ಕಾಡ್ ಸಿಕ್ಕರು. ಕಾಲೇಜಿನಲ್ಲಿ ಅವರ ಹೆಸರನ್ನು ಐದು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೇ.

ಕಾಡ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಎಂಬ ಪುಟ್ಟ ದ್ವೀಪದಲ್ಲಿ. ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಆಕ್ಸ್‌ಫರ್ಡಿನಲ್ಲಿ ಓದಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, 1948ರಲ್ಲಿ ನ್ಯೂಯಾರ್ಕಿಗೆ ಹೋದರು, ಮುಂದೆ ಐಬಿಎಂ ಸೇರಿದರು. ಪಿಎಚ್‌.ಡಿ. ಬಂದಾಗ ಅವರಿಗೆ ನಲವತ್ತು ದಾಟಿತ್ತು. (ಇಪ್ಪತ್ತೈದಕ್ಕೇ ವಯಸ್ಸು ಮೀರಿತೆಂದು ಕೊರಗುವ ನನ್ನ ರೂಮ್‌ಮೇಟ್‌ಗೆ ಇದನ್ನು ಹೇಳಿದೆ. ನಂಬಲಿಲ್ಲ.)

ಆಗ ಮಾಹಿತಿಯನ್ನು ಮರದ ಕೊಂಬೆಗಳ ಹಾಗೆ ಜೋಡಿಸುತ್ತಿದ್ದರು. ಯಾವ ಕೊಂಬೆ ಹಿಡಿದರೆ ಏನು ಸಿಗುತ್ತದೆಂದು ಪ್ರೋಗ್ರಾಂ ಬರೆಯುವವರಿಗೇ ಗೊತ್ತಿರಬೇಕಿತ್ತು. ಎಲ್ಲವನ್ನೂ ಸರಳ ಟೇಬಲ್‌ಗಳಲ್ಲಿ ಇಡಬಹುದೆಂದು ಕಾಡ್ 1970ರ ಪ್ರಬಂಧದಲ್ಲಿ ತೋರಿಸಿದರು. ಒಂದು ಟೇಬಲ್‌ನ ಕೀ ಇನ್ನೊಂದರಲ್ಲಿ ಇದ್ದರೆ ಸಾಕು, ಎರಡೂ ಕೂಡುತ್ತವೆ. ಲುಕಪ್ ಟೇಬಲ್ ನಿಂತಿರುವುದು ಇದರ ಮೇಲೆಯೇ. ತಾಲ್ಲೂಕುಗಳದ್ದೊಂದು ಚಿಕ್ಕ ಟೇಬಲ್: ಗೋಕಾಕ 1, ಹುಕ್ಕೇರಿ 2, ಮೂಡಲಗಿ 3. ವಿದ್ಯಾರ್ಥಿಯ ಸಾಲಿನಲ್ಲಿ ಬರೀ ಆ ಸಂಖ್ಯೆ. ಫಾರಿನ್ ಕೀ ಹಾಕಿಟ್ಟರೆ ಇಲ್ಲದ ಸಂಖ್ಯೆಯನ್ನು ಡೇಟಾಬೇಸ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. 2014ರಲ್ಲಿ ಬೆಳಗಾಂ ಬೆಳಗಾವಿ ಆದಂಥ ಬದಲಾವಣೆಗೆ ಜಿಲ್ಲೆಗಳ ಟೇಬಲ್‌ನಲ್ಲಿ ಒಂದೇ ಸಾಲು ತಿದ್ದಿದರೆ ಮುಗಿಯಿತು. ಮೂಡಲಗಿಯದು ಹಾಗಲ್ಲ. ಅದು ಗೋಕಾಕದಿಂದ ಒಡೆದು ತಾಲ್ಲೂಕಾಯಿತು. ಹೊಸ ಸಾಲು ಸೇರಿಸಬೇಕು, ಊರುಗಳನ್ನು ಅದಕ್ಕೆ ಹೊಂದಿಸಬೇಕು; ಹಳೆಯ ದಾಖಲೆ ಕೆಡಬಾರದೆಂದರೆ ಯಾವ ದಿನದಿಂದ ಎಂಬ ಕಾಲಂ ಕೂಡ ಬೇಕು.

ಹಳೆಯ ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿದ್ದ ಐಬಿಎಂ, ತನ್ನವರೇ ಆದ ಕಾಡ್ ಮಾತಿಗೆ ತಡವಾಗಿ ಕಿವಿಗೊಟ್ಟಿತು. ಅಷ್ಟರಲ್ಲಿ, ಮುಂದೆ ಒರಾಕಲ್ ಎನಿಸಿಕೊಂಡ ಕಂಪನಿ 1979ರಲ್ಲೇ ಮಾರುಕಟ್ಟೆಗೆ ಇಳಿದಿತ್ತು. ಕಾಡ್‌ಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆಮೇಲೂ ಸುಮ್ಮನಿರುವ ಜನ ಅಲ್ಲ. ಹೆಸರಿಗಷ್ಟೇ ರಿಲೇಶನಲ್ ಎನ್ನುವವರಿಗೆ 1985ರಲ್ಲಿ ಹನ್ನೆರಡು ನಿಯಮ ಹಾಕಿಕೊಟ್ಟರು. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ತೀರಿಕೊಂಡರು.

ಮರುದಿನ ಬೆಳಿಗ್ಗೆ ತಾಲ್ಲೂಕಿನ ಟೇಬಲ್ ಮಾಡಿ ಪಟ್ಟಿ ಮತ್ತೆ ತೆಗೆದೆ. ಆ ಹುಡುಗಿಯ ಹೆಸರು ಬಂತು. ಪಟ್ಟಿ ಕಳಿಸಲು ಇನ್ನೂ ಎರಡು ದಿನ ಇತ್ತು.