ಸವದತ್ತಿ ಸೀಮೆಯ ಕಬ್ಬಿಣದ ನೇಗಿಲು, ನಮ್ಮ ಪವರ್ ಸಪ್ಲೈ ಬೋರ್ಡು

ನಮ್ಮ ಪ್ರಾಜೆಕ್ಟ್ ಟೀಮಿನಲ್ಲಿ ಒಬ್ಬ ಚಚಡಿಯವನು. ಅದೇ ಸವದತ್ತಿ ತಾಲೂಕಿನ ಇನ್ನೊಂದು ಊರು ಗುರ್ಲಹೊಸೂರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಅಲ್ಲೇ, 1869ರ ಜೂನ್ 20ರಂದು. ಕಿರ್ಲೋಸ್ಕರ್ ಅಂದ್ರೆ ನಮಗೆಲ್ಲ ಪಂಪ್‌ಸೆಟ್ ನೆನಪಾಗುತ್ತೆ, ಈ ಊರು ನೆನಪಾಗಲ್ಲ. ಪವರ್ ಸಪ್ಲೈ ಬೋರ್ಡುಗಳನ್ನು ತಾನಾಗೇ ಪರೀಕ್ಷಿಸುವ ಜಿಗ್ ಕಟ್ಟುತ್ತಿರುವ ನಾವು ಅವರ ಕಥೆಗೆ ಬಂದದ್ದು ಒಂದು ನೇಗಿಲಿನ ದೆಸೆಯಿಂದ.

ಮನೆಮಾತು ಮರಾಠಿ, ತಂದೆ ವೇದಾಂತ ಪಂಡಿತರು. ಹುಡುಗನಿಗೆ ಮಾತ್ರ ಚಿತ್ರ ಮತ್ತು ಯಂತ್ರದ ಹುಚ್ಚು. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಆದರೆ ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಚಿತ್ರಕಲೆ ಬಿಟ್ಟರು, ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮೇಷ್ಟರಾದರು. ಬರಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದ್ರು. ಅಲ್ಲಿ ಅಣ್ಣ ರಾಮಚಂದ್ರರ ಜೊತೆ ಆಗಲೇ ಸೈಕಲ್ ಅಂಗಡಿ ನಡೀತಿತ್ತು.

ಬೆಳಗಾವಿಯಲ್ಲಿ ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಅದನ್ನು ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತೆ ಅಂತ ರೈತರ ಹೆದರಿಕೆ. ಮೊದಲ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು. ರೈತರನ್ನು ನಾವು ದಡ್ಡರು ಅನ್ನಲ್ಲ. ಹೊಲ ಕೆಟ್ಟರೆ ಊಟ ಹೋಗೋದು ಅವರದು. ಹೊರಗಿನಿಂದ ನೋಡಿ ನೇಗಿಲಿನ ಗುಣ ಹೇಳೋಕಾಗಲ್ಲ, ಉತ್ತೇ ನೋಡಬೇಕು.

ಬೋರ್ಡಿನದೂ ಇದೇ ಕಥೆ. ಲೋಡ್ ಇಲ್ಲದಾಗ ಮೀಟರು ಚೆಂದವಾಗಿ 5 ವೋಲ್ಟ್ ತೋರಿಸುತ್ತೆ. ಪೂರ್ತಿ ಲೋಡ್ ಹಾಕಿದಾಗ ಗೊತ್ತಾಗೋದು ಅಸಲಿ ಬಣ್ಣ. ಅದಕ್ಕೇ ಜಿಗ್‌ನ ಸ್ಪ್ರಿಂಗ್ ಪಿನ್ನುಗಳು ಬೋರ್ಡಿಗೆ ತಾಗಿದೊಡನೆ, ಕರೆಂಟ್ ಕೊಡೋ ಮೊದಲೇ, ಶಾರ್ಟ್ ಇದೆಯಾ ಅಂತ ನೋಡಬೇಕು. ನಂತರ ಇನ್‌ಪುಟ್ ವೋಲ್ಟೇಜನ್ನು ಏರಿಸಿ ಇಳಿಸಿ, ಎಲೆಕ್ಟ್ರಾನಿಕ್ ಲೋಡನ್ನು ಹಂತಹಂತವಾಗಿ ಹೆಚ್ಚಿಸಿ, ಔಟ್‌ಪುಟ್ಟು, ರಿಪಲ್ಲು ಅಳೀಬೇಕು. ಕೊನೆಗೆ ಔಟ್‌ಪುಟ್ಟನ್ನು ಬೇಕಂತಲೇ ಶಾರ್ಟ್ ಮಾಡಿ ರಕ್ಷಣೆ ಕೆಲಸ ಮಾಡುತ್ತಾ ನೋಡಬೇಕು. 230 ವೋಲ್ಟ್ ಎಸಿಯಿಂದ ನಡೆಯುವ ಬೋರ್ಡಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತೆ. ಅದು ಇಳಿಯೋವರೆಗೂ ಜಿಗ್‌ನ ಮುಚ್ಚಳ ತೆರೆಯಬಾರದು. ಇನ್ನು ಪರೀಕ್ಷೆ ಮಾಡೋ ಯಂತ್ರವನ್ನೇ ಪರೀಕ್ಷೆ ಮಾಡೋರು ಯಾರು? ದಿನಾ ಬೆಳಿಗ್ಗೆ ಒಂದು ಒಳ್ಳೆ ಬೋರ್ಡು, ಒಂದು ಗೊತ್ತಿದ್ದೇ ಕೆಟ್ಟ ಬೋರ್ಡು ಇಟ್ಟು ನೋಡಬೇಕು. ಕೆಟ್ಟದ್ದೂ ಪಾಸ್ ಆದರೆ ಅವತ್ತು ಲೈನ್ ಬಂದ್.

ಲಕ್ಷ್ಮಣರಾವ್ ಅವರಿಗೆ ಬೆಳಗಾವಿಯಲ್ಲೂ ನೆಲೆ ನಿಲ್ಲಲಿಲ್ಲ. ಕಾರ್ಖಾನೆಯ ಜಾಗ ಊರು ಬೆಳೆಸೋಕೆ ಬೇಕು ಅಂತ ನಗರಸಭೆ ಎಬ್ಬಿಸಿತು. ಔಂಧ್ ಸಂಸ್ಥಾನದ ರಾಜ 32 ಎಕರೆ ಬರಡು ನೆಲ ಕೊಟ್ಟರು. ಪಾಪಾಸುಕಳ್ಳಿ, ಹಾವುಗಳ ಆ ಜಾಗವೇ 1910ರಲ್ಲಿ ಕಿರ್ಲೋಸ್ಕರವಾಡಿ ಆಯ್ತು. ಈಗ ಅದು ಸಾಂಗ್ಲಿ ಜಿಲ್ಲೆಯಲ್ಲಿದೆ. ಶಿಕ್ಷೆ ಅನುಭವಿಸಿದವರನ್ನೂ ಅಲ್ಲಿ ನಂಬಿ ಕೆಲಸಕ್ಕಿಟ್ಟುಕೊಂಡರು, ಕಾವಲಿಗೂ ಹಾಕಿದರು. ನಮಗಂತೂ ನೇಗಿಲಿಗಿಂತ ದೊಡ್ಡ ಧೈರ್ಯ ಅನ್ನಿಸಿದ್ದು ಇದು.

ಮನೆತನದ ಉದ್ಯಮ ಮತ್ತೆ ಕನ್ನಡ ನಾಡಿಗೂ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಹರಿಹರದ ಲೇಥುಗಳು ಎಷ್ಟೋ ಕಾಲೇಜುಗಳ ವರ್ಕ್‌ಶಾಪ್ ಸೇರಿದವು. ಲಕ್ಷ್ಮಣರಾವ್ ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು.