ಬರಿಗಾಲಿನ ಆಟಗಾರ ಅಹ್ಮದ್ ಖಾನ್

ಭಾರತದ ಕಾಲ್ಚೆಂಡಿನಾಟದ ಮಾತು ಬಂದಾಗ ಕಲ್ಕತ್ತ, ಗೋವಾ, ಕೇರಳಗಳ ಹೆಸರು ಕೂಡಲೇ ನೆನಪಾಗುತ್ತದೆ. ಬೆಂಗಳೂರಿನ ಹೆಸರು ಅಷ್ಟು ಸುಲಭವಾಗಿ ನಾಲಗೆಗೆ ಬರುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸ್ಥಿತಿ ಹೀಗಿರಲಿಲ್ಲ. ದಂಡಿನ ಪ್ರದೇಶದ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಬೇಲಿಯಾಚೆ ನಿಂತು ನೋಡಿದ ಬೆಂಗಳೂರಿನ ಹುಡುಗರು ಅದನ್ನು ತಮ್ಮದಾಗಿಸಿಕೊಂಡಿದ್ದರು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಸೈನಿಕ ತಂಡಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದ ಆ ತಂಡ 1938ರಲ್ಲಿಯೂ ಕಪ್ಪನ್ನು ಉಳಿಸಿಕೊಂಡಿತು. 1946-47ರಲ್ಲಿ ಮೈಸೂರು ತಂಡವು ಬಲಿಷ್ಠ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಈ ಪರಂಪರೆಯ ನಡುವೆ ಬೆಳೆದು, ದೇಶದ ಶ್ರೇಷ್ಠ ಮುಂಪಡೆ ಆಟಗಾರರ ಸಾಲಿಗೆ ಸೇರಿದವರು ಅಹ್ಮದ್ ಖಾನ್.

ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಆ ಕಾಲದ ಬಹುಪಾಲು ಹುಡುಗರಂತೆ ಅವರು ಆಟವನ್ನು ಕಲಿತದ್ದು ಬರಿಗಾಲಿನಲ್ಲಿ. ಬರಿಗಾಲು ಮೊದಲಿಗೆ ಬಡತನದ ಗುರುತಾಗಿತ್ತು; ಕ್ರಮೇಣ ಅದೇ ಒಂದು ವಿದ್ಯೆಯಾಯಿತು. ಬೂಟಿನ ದಪ್ಪ ತೊಗಲು ಅಡ್ಡವಿಲ್ಲದಿದ್ದಾಗ ಚೆಂಡಿನ ಭಾರ, ವೇಗ, ತಿರುಗುವ ದಿಕ್ಕು ಇವೆಲ್ಲ ಪಾದಕ್ಕೆ ನೇರವಾಗಿ ತಿಳಿಯುತ್ತವೆ. ಬೆರಳುಗಳಿಂದ ಚೆಂಡನ್ನು ಎಳೆದುಕೊಳ್ಳಬಹುದು, ಅಂಗಾಲಿನಿಂದ ಅದುಮಿ ನಿಲ್ಲಿಸಬಹುದು, ಅಂಗೈಯಗಲ ಜಾಗದಲ್ಲಿ ದಿಕ್ಕು ಬದಲಿಸಬಹುದು. ಒಣಗಿದ ಗಟ್ಟಿ ನೆಲದ ಮೇಲೆ ಈ ವಿದ್ಯೆಗೆ ಸಾಟಿಯಿಲ್ಲ. ಆದರೆ ಅದಕ್ಕೊಂದು ಎಲ್ಲೆಯೂ ಇತ್ತು. ಮಳೆ ಬಿದ್ದ ಹುಲ್ಲಿನ ಮೇಲೆ ಬರಿಗಾಲು ಜಾರುತ್ತದೆ. ನೀರು ಕುಡಿದ ಅಂದಿನ ತೊಗಲಿನ ಚೆಂಡು ಕಲ್ಲಿನಂತೆ ಭಾರವಾಗುತ್ತದೆ. ಎದುರಾಳಿಯ ಬೂಟಿನ ಗುಬುಟುಗಳು ಪಾದವನ್ನು ತುಳಿದರೆ ತಡೆಯುವ ಕವಚವಿಲ್ಲ. ಅಹ್ಮದ್ ಖಾನರ ಬದುಕಿನ ಏಳುಬೀಳುಗಳೆಲ್ಲ ಈ ವಿದ್ಯೆ ಮತ್ತು ಈ ಎಲ್ಲೆಯ ನಡುವೆಯೇ ನಡೆದವು.

1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಿಗೆ ಸ್ವತಂತ್ರ ಭಾರತದ ಮೊದಲ ಫುಟ್ಬಾಲ್ ತಂಡ ಹೊರಟಾಗ ಅದರಲ್ಲಿ ಇಪ್ಪತ್ತೊಂದು ವರ್ಷದ ಅಹ್ಮದ್ ಖಾನ್ ಇದ್ದರು. ನಾಗಾ ಬೆಟ್ಟಗಳಿಂದ ಬಂದ ವೈದ್ಯಕೀಯ ವಿದ್ಯಾರ್ಥಿ ತಾಲಿಮೆರೆನ್ ಆವೊ ನಾಯಕರಾಗಿದ್ದರು. ಜುಲೈ 31ರಂದು ಲಂಡನಿನ ಇಲ್ಫರ್ಡಿನಲ್ಲಿ ಫ್ರಾನ್ಸಿನ ವಿರುದ್ಧ ಪಂದ್ಯ ನಡೆಯಿತು. ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಕಣಕ್ಕಿಳಿದದ್ದನ್ನು ಕಂಡು ಪ್ರೇಕ್ಷಕರು ಬೆರಗಾದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತರೂ ಎರಡೂ ಕೈತಪ್ಪಿದವು. ಪಂದ್ಯ ಮುಗಿಯಲು ಒಂದು ನಿಮಿಷ ಉಳಿದಿದ್ದಾಗ ಫ್ರಾನ್ಸಿನ ಎರಡನೆಯ ಗೋಲು ಬಿದ್ದಿತು. ತಂಡ 1-2ರಿಂದ ಸೋತರೂ ಅದರ ಆಟಕ್ಕೆ ಮೆಚ್ಚುಗೆ ದೊರೆಯಿತು. ಬರಿಗಾಲಿನ ವಿದ್ಯೆ ಯೂರೋಪಿನ ಮುಂದೆ ತಲೆಯೆತ್ತಿ ನಿಂತ ದಿನವದು.

ಮರುವರ್ಷ ಅಹ್ಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಅಂದಿನ ಪದ್ಧತಿಯಲ್ಲಿ ತಂಡವೊಂದರ ಮುಂಪಡೆಯಲ್ಲಿ ಐವರು ಸಾಲಾಗಿ ಆಡುತ್ತಿದ್ದರು. ಬಲಬದಿಯ ಅಂಚಿನಲ್ಲಿ ವೆಂಕಟೇಶ್, ಅವರ ಒಳಮಗ್ಗುಲಲ್ಲಿ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಮಗ್ಗುಲಲ್ಲಿ ಅಹ್ಮದ್ ಖಾನ್, ಎಡಬದಿಯ ಅಂಚಿನಲ್ಲಿ ಸಾಲೆ. ಐವರೂ ದಕ್ಷಿಣ ಭಾರತದವರು. ಅಪ್ಪಾರಾವ್ ತೆಲುಗು ನಾಡಿನವರು, ಸಾಲೆ ಕೇರಳದವರು. ಐದು ಮಂದಿಯ ಹೊಂದಾಣಿಕೆಯನ್ನು ಕಂಡ ಬಂಗಾಳದ ಜನ ಅವರಿಗೆ ಪಂಚಪಾಂಡವರೆಂದು ಹೆಸರಿಟ್ಟರು. ಯಕ್ಷಗಾನದ ರಂಗಸ್ಥಳದಲ್ಲಿ ಪಾಂಡವರ ಒಡ್ಡೋಲಗವನ್ನು ಕಂಡು ಬಲ್ಲ ಕಾರಡ್ಕದ ಜನರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಬಲ. ಐವರೂ ಕೂಡಿದಾಗ ಮಾತ್ರ ಗೆಲುವು.

ಈ ಐವರಲ್ಲಿ ಅಹ್ಮದ್ ಖಾನರ ಕೆಲಸ ಗೋಲು ಹೊಡೆಯುವುದಷ್ಟೇ ಆಗಿರಲಿಲ್ಲ. ಹಿಂಬದಿಯಿಂದ ಚೆಂಡನ್ನು ತರುವುದು, ಎದುರಾಳಿಗಳನ್ನು ತನ್ನತ್ತ ಸೆಳೆಯುವುದು, ಅವರು ಮುತ್ತುವ ಹೊತ್ತಿಗೆ ತೆರವಾದ ಜಾಗಕ್ಕೆ ಚೆಂಡನ್ನು ಜಾರಿಸುವುದು ಒಳಮಗ್ಗುಲಿನ ಆಟಗಾರನ ಹೊಣೆ. ಅವರ ಕಾಲಿನ ಸುತ್ತ ಚೆಂಡು ಹೆಡೆಯಾಡಿಸುವ ಹಾವಿನಂತೆ ಸುಳಿಯುತ್ತಿದ್ದುದರಿಂದ ಹಾವಾಡಿಗನೆಂಬ ಬಿರುದೂ ಅವರಿಗೆ ಬಂದಿತು.

1949ರಲ್ಲಿಯೇ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ 1950 ಮತ್ತು 1951ರಲ್ಲಿಯೂ ಅದರ ಪಾಲಾಯಿತು. ಲೀಗನ್ನು 1950 ಮತ್ತು 1952ರಲ್ಲಿ, ದಿಲ್ಲಿಯ ಡ್ಯೂರಾಂಡ್ ಕಪ್ಪನ್ನು 1951 ಮತ್ತು 1952ರಲ್ಲಿ ಪಡೆಯಿತು. ಈ ಗೆಲುವುಗಳ ಬೆಲೆ ಕಪ್ಪುಗಳ ಎಣಿಕೆಯಿಂದ ಮಾತ್ರ ತಿಳಿಯದು. 1920ರಲ್ಲಿ ಸ್ಥಾಪನೆಯಾದ ಆ ಕ್ಲಬ್ಬು ಪೂರ್ವ ಬಂಗಾಳದ ಮೂಲದವರದು. 1947ರ ವಿಭಜನೆಯಲ್ಲಿ ಮನೆ, ಹೊಲ, ಊರು ಎಲ್ಲವನ್ನೂ ಕಳೆದುಕೊಂಡು ಕಲ್ಕತ್ತಕ್ಕೆ ಬಂದ ನಿರಾಶ್ರಿತರಿಗೆ ಕೆಂಪು-ಹೊಂಬಣ್ಣದ ಆ ಅಂಗಿಯೇ ಹುಟ್ಟೂರಿನ ನೆನಪಾಗಿ ಉಳಿದಿತ್ತು. ನೆಲೆ ತಪ್ಪಿದ ಆ ಜನರಿಗೆ ತಲೆಯೆತ್ತಿ ನಡೆಯುವ ಹುರುಪು ಕೊಟ್ಟವರು ಅವರ ಭಾಷೆಯನ್ನೇ ಅರಿಯದೆ ದೂರದ ದಕ್ಷಿಣದಿಂದ ಬಂದ ಐವರು. ಅವರಲ್ಲಿ ಬೆಂಗಳೂರಿನ ಮುಸಲ್ಮಾನ ಯುವಕನೊಬ್ಬ ಪಾಂಡವನೆನಿಸಿಕೊಂಡದ್ದು ವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

1950ರಲ್ಲಿ ಬ್ರೆಜಿಲಿನ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶ ಒದಗಿತ್ತು, ಆದರೆ ತಂಡ ಹೋಗಲಿಲ್ಲ. ಬರಿಗಾಲಿನ ಆಟಕ್ಕೆ ಅನುಮತಿ ಇಲ್ಲದ್ದೇ ಇದಕ್ಕೆ ಕಾರಣವೆಂಬ ಕಥೆ ಪ್ರಚಾರದಲ್ಲಿದೆ. ದೀರ್ಘ ಪ್ರಯಾಣದ ತೊಡಕು ಮತ್ತು ಒಲಿಂಪಿಕ್ಕೇ ದೊಡ್ಡದೆಂಬ ಅಂದಿನ ಆಡಳಿತಗಾರರ ನಂಬಿಕೆ ಅದಕ್ಕಿಂತ ಮುಖ್ಯವಾಗಿದ್ದವು. ಇಪ್ಪತ್ಮೂರರ ಹರೆಯದಲ್ಲಿದ್ದ ಅಹ್ಮದ್ ಖಾನರಿಗೆ ಮತ್ತೆಂದೂ ಅಂಥ ಅವಕಾಶ ಬರಲಿಲ್ಲ. 1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡೆಗಳು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವು. ಇಂಡೋನೇಷ್ಯ, ಅಫಘಾನಿಸ್ತಾನಗಳನ್ನು ಸೋಲಿಸಿದ ಭಾರತ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಗೋಲಿನಿಂದ ಇರಾನನ್ನು 1-0ರಿಂದ ಮಣಿಸಿತು. ಚಿನ್ನದ ಪದಕ ಪಡೆದ ಆ ತಂಡದಲ್ಲಿ ಅಹ್ಮದ್ ಖಾನರೂ ಇದ್ದರು.

ಬರಿಗಾಲಿನ ಎಲ್ಲೆ ಪೂರ್ಣವಾಗಿ ತಿಳಿದದ್ದು ಹೆಲ್ಸಿಂಕಿಯಲ್ಲಿ. 1952ರ ಜುಲೈ 15ರಂದು ಭಾರತದ ಎದುರಾಳಿಯಾಗಿ ನಿಂತದ್ದು ಯುಗೊಸ್ಲಾವಿಯ. ಅದು ಮುಂದೆ ಆ ಕೂಟದಲ್ಲಿ ಬೆಳ್ಳಿ ಪದಕ ಗೆದ್ದ ತಂಡ. ಚಳಿಯಲ್ಲಿ, ಪರಿಚಯವಿಲ್ಲದ ನೆಲದ ಮೇಲೆ, ಬೂಟಿನ ತಂಡದ ವೇಗದ ಮುಂದೆ ಭಾರತ 1-10ರಿಂದ ನುಚ್ಚುನೂರಾಯಿತು. ಆ ಒಂದೇ ಗೋಲು ಅಹ್ಮದ್ ಖಾನರದು. ಅದು ಬಂದದ್ದು ಎಂಬತ್ತೊಂಬತ್ತನೆಯ ನಿಮಿಷದಲ್ಲಿ. ಫಲಿತಾಂಶ ತೀರ್ಮಾನವಾಗಿ ಬಹಳ ಹೊತ್ತಾದ ಮೇಲೂ ಅವರು ಎದುರಾಳಿಯ ಗೋಲಿನತ್ತ ಓಡುವುದನ್ನು ನಿಲ್ಲಿಸಿರಲಿಲ್ಲವೆಂಬುದಕ್ಕೆ ಆ ಗೋಲು ಸಾಕ್ಷಿ.

ಆ ಸೋಲಿನ ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ದೇಶದ ದೃಷ್ಟಿಯಿಂದ ಆ ನಿರ್ಣಯ ಸರಿಯಾಗಿಯೇ ಇತ್ತು. ಬೂಟು ತೊಟ್ಟ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಆದರೆ ಬಾಲ್ಯದಿಂದ ಪಾದದ ಚರ್ಮದಲ್ಲಿಯೇ ಕಲೆಯನ್ನು ಇಟ್ಟುಕೊಂಡವನಿಗೆ ಆ ನಿರ್ಣಯದ ಅರ್ಥವೇ ಬೇರೆ. ನುರಿತ ಮೃದಂಗ ವಾದಕನಿಗೆ ಕೈಗವಸು ತೊಟ್ಟು ನುಡಿಸೆಂದಂತೆ ಅದು. ತನ್ನ ವಿದ್ಯೆಯ ಉತ್ತುಂಗದಲ್ಲಿದ್ದಾಗ, ಇಪ್ಪತ್ತಾರರ ಆಸುಪಾಸಿನಲ್ಲಿ, ಅಹ್ಮದ್ ಖಾನ್ ಮತ್ತೊಮ್ಮೆ ವಿದ್ಯಾರ್ಥಿಯಾಗಬೇಕಾಯಿತು. ಬರಿಗಾಲಿನ ಜೊತೆಗೇ ಆಟವನ್ನೂ ತೊರೆಯಲು ಅವರಿಗೆ ಅಡ್ಡಿಯಿರಲಿಲ್ಲ. ಅವರು ಬೂಟು ತೊಟ್ಟರು. 1953ರಲ್ಲಿ ಕ್ಲಬ್ಬಿನೊಡನೆ ರುಮೇನಿಯ ಮತ್ತು ಸೋವಿಯತ್ ಒಕ್ಕೂಟಗಳ ಪ್ರವಾಸ ಮಾಡಿದರು. ಪಂಚಪಾಂಡವರ ಸಾಲು ಚದುರಿದ ಮೇಲೂ ಅವರು ಈಸ್ಟ್ ಬೆಂಗಾಲಿನಲ್ಲಿಯೇ ಉಳಿದರು. 1956ರಲ್ಲಿ ಕ್ಲಬ್ಬು ಮತ್ತೊಮ್ಮೆ ಡ್ಯೂರಾಂಡ್ ಕಪ್ಪನ್ನು ಗೆದ್ದಿತು. 1949ರಲ್ಲಿ ಆರಂಭವಾದ ಆ ನಂಟು ದಶಕದ ಕೊನೆಯವರೆಗೆ ಬಾಳಿತು.

ಅರ್ಜುನ ಪ್ರಶಸ್ತಿ ಸ್ಥಾಪನೆಯಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಆಟದಿಂದ ನಿವೃತ್ತರಾದ ಬಳಿಕ ಅವರು ತವರಾದ ಬೆಂಗಳೂರಿಗೆ ಮರಳಿದರು. ಕಲ್ಕತ್ತದಲ್ಲಿ ಅವರ ಹೆಸರನ್ನು ತಂದೆಯರು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಹುಟ್ಟಿದ ನಾಡಿನಲ್ಲಿ ಆ ಹೆಸರು ಮೆಲ್ಲಮೆಲ್ಲನೆ ಮಸುಕಾಯಿತು. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷದ ತುಂಬು ಬಾಳಿನ ಕೊನೆಯಲ್ಲಿ ಅವರು ತೀರಿಕೊಂಡರು.

ಅವರು ಆಡುತ್ತಿದ್ದ ಕಾಲದಲ್ಲಿ ಮೈಸೂರು ತಂಡ 1952-53ರಲ್ಲಿ ಮತ್ತೊಮ್ಮೆ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1968-69ರ ಬಳಿಕ ಆ ಗೆಲುವಿನ ಸಾಲು ಕಡಿಯಿತು. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ಪಡೆಯುವ ಹೊತ್ತಿಗೆ ಐವತ್ತನಾಲ್ಕು ವರ್ಷಗಳು ಕಳೆದಿದ್ದವು. ಆ ದಿನ ಕಣದಲ್ಲಿದ್ದ ಯುವಕರೆಲ್ಲರ ಕಾಲಲ್ಲೂ ಬೂಟುಗಳಿದ್ದವು. ಅವುಗಳನ್ನು ತೊಡುವುದೂ ಒಮ್ಮೆ ಕಷ್ಟಪಟ್ಟು ಕಲಿಯಬೇಕಾದ ಪಾಠವಾಗಿತ್ತು. ಆ ಪಾಠವನ್ನು ಅಹ್ಮದ್ ಖಾನರ ತಲೆಮಾರು ಅವರಿಗಾಗಿ ಕಲಿತು ಮುಗಿಸಿತ್ತು.